ಆ ಕಥೆಗೆ ತಾರೀಖು ಎಲ್ಲಿದೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕದಲ್ಲಿರುವ ಕನ್ನಡಿಗರದ್ದು. ಎಲ್ಲರೂ ಕೇಳಿರುವುದು ಅಲ್ಲಿನ ಊರೂರಿನ ಆಡುಮಾತಿನ ಬಗ್ಗೆ. ಈ ಪದ ಹೀಗೆ ಹುಟ್ಟಿತಂತೆ, ನಿಜವಾ ಅಂತ. ವಿಸ್ಕಾನ್ಸಿನ್‌ನ ಮ್ಯಾಡಿಸನ್ ಊರಿನ ಗ್ರಂಥಾಲಯದಲ್ಲಿ ಕೂತು ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಡುವುದೇ ನನ್ನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಇದರ ಮೇಲಿನ ಪ್ರೀತಿ ಹಾಗೇ ಇದೆ. ಹಾಗಾಗಿ ಈ ತಿಂಗಳ ಅಂಕಣವನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾವು ಮಿಲ್ವಾಕಿಗೆ ಹೊಸಬರು. ಮಗಳ ಶಾಲೆಯಲ್ಲಿ ಕುಡಿಯುವ ನೀರಿನ ಚಿಲುಮೆಗೆ 'ಬಬ್ಲರ್' ಅಂತಾರೆ. 1888ರಲ್ಲಿ ಕೋಹ್ಲರ್ ಕಂಪನಿಯ ಹಾರ್ಲನ್ ಹಕಲ್‌ಬಿ ಎಂಬ ನೌಕರ ಅದನ್ನು ಕಂಡುಹಿಡಿದನಂತೆ. ಹೆಸರನ್ನೂ ಆ ಕಂಪನಿಯೇ ನೋಂದಾಯಿಸಿತಂತೆ. ಹೌದಾ?
(ಓದುಗರೊಬ್ಬರು, ಮಿಲ್ವಾಕಿ)

ಉತ್ತರ: ವಿಸ್ಕಾನ್ಸಿನ್‌ನಲ್ಲಿ ಈ ಕಥೆ ಕೇಳದವರೇ ಇಲ್ಲ. ಇಸವಿ ಇದೆ, ಕಂಪನಿ ಇದೆ, ಮನುಷ್ಯನ ಹೆಸರೂ ಇದೆ. ಇಷ್ಟೆಲ್ಲ ವಿವರ ಇದ್ದರೆ ಯಾರಾದರೂ ನಂಬುತ್ತಾರೆ. ಆದರೆ ಆ ಹೆಸರನ್ನೇ ಸ್ವಲ್ಪ ಹುಡುಕಿ ನೋಡಿ. ಹಾರ್ಲನ್ ಹಕಲ್‌ಬಿ 1980ರ ದಶಕದಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡದಲ್ಲಿ ಚೆಂಡು ಹಿಡಿದು ಓಡುತ್ತಿದ್ದ ಅಮೆರಿಕನ್ ಫುಟ್‌ಬಾಲ್ ಆಟಗಾರ! ವಿಸ್ಕಾನ್ಸಿನ್ ಜನರ ಮನೆಮಾತಿನ ತಂಡ ಅದು. ಯಾರೋ ತಮಾಷೆಗೆ ಆ ಹೆಸರು ಸೇರಿಸಿದ್ದಾರೆ. ಒಬ್ಬರಿಂದ ಒಬ್ಬರು ನಕಲು ಮಾಡುತ್ತಾ ಹೋಗಿ ಅದೇ ಚರಿತ್ರೆಯಾಗಿಬಿಟ್ಟಿದೆ.

ಇನ್ನು ಕಂಪನಿಯ ವಿಷಯ. ಕೋಹ್ಲರ್ 1873ರಲ್ಲಿ ಶೆಬಾಯ್ಗನ್ ಊರಿನಲ್ಲಿ ಬೇಸಾಯದ ಸಲಕರಣೆ ಮಾಡುವ ಕಾರ್ಖಾನೆಯಾಗಿ ಶುರುವಾಯಿತು. 1883ರಲ್ಲಿ ಎರಕದ ಕಬ್ಬಿಣದ ತೊಟ್ಟಿಗೆ ಎನಾಮಲ್ ಹಚ್ಚಿ ಸ್ನಾನದ ತೊಟ್ಟಿಯಾಗಿ ಮಾರಿತು. ಹೀಗಾಗಿ ನೀರಿನ ಸಾಮಾನಿಗೆ ಆ ಹೆಸರು ಹತ್ತಿರದ್ದು, ನಿಜ. ಆದರೆ ಪದ ಅದರ ಸ್ವತ್ತಲ್ಲ. ವಿಸ್ಕಾನ್ಸಿನ್‌ನ ಪೂರ್ವ ಭಾಗ ಬಿಟ್ಟರೆ ಈ ಮಾತು ಎಲ್ಲಿ ಕೇಳಿಸುತ್ತದೆ ಗೊತ್ತಾ? ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರದ ರೋಡ್ ಐಲೆಂಡ್‌ನಲ್ಲಿ, ಬಾಸ್ಟನ್ ಸುತ್ತಮುತ್ತ, ಅಷ್ಟೇ ಅಲ್ಲ, ಆಸ್ಟ್ರೇಲಿಯಾದ ಸಿಡ್ನಿ ಕಡೆಯಲ್ಲೂ. ಶೆಬಾಯ್ಗನ್‌ನ ಒಂದು ಕಾರ್ಖಾನೆಯಲ್ಲಿ ಹುಟ್ಟಿದ್ದರೆ ನಡುವಿನ ಇಂಡಿಯಾನಾ, ಒಹಾಯೋ ಎಲ್ಲ ದಾಟಿಕೊಂಡು ಅಲ್ಲಿಗೆ ಹಾರುತ್ತಿತ್ತಾ?

ನಿಜವಾದ ಕಾರಣ ಸರಳ. ಆಗೆಲ್ಲ ರೈಲು ನಿಲ್ದಾಣ, ಶಾಲೆಗಳಲ್ಲಿ ನೀರಿನ ಪಾತ್ರೆಗೆ ಒಂದೇ ಲೋಟ ಕಟ್ಟಿರುತ್ತಿದ್ದರು. ಬಂದವರೆಲ್ಲ ಅದನ್ನೇ ಕಚ್ಚಿ ಕುಡಿಯುತ್ತಿದ್ದರು. ಕ್ಷಯ ಹರಡುತ್ತದೆ ಅಂತ ಕ್ಯಾನ್ಸಸ್ ರಾಜ್ಯದ ಆರೋಗ್ಯಾಧಿಕಾರಿ ಡಾಕ್ಟರ್ ಸ್ಯಾಮ್ಯುಯೆಲ್ ಕ್ರಂಬೈನ್ 1909ರಲ್ಲಿ ಆ ಲೋಟವನ್ನು ನಿಷೇಧಿಸಿದರು. ಬೇರೆ ರಾಜ್ಯಗಳೂ ಅದನ್ನೇ ಮಾಡಿದವು. ಲೋಟ ಬೇಡದ ಚಿಲುಮೆಗಳು ಎಲ್ಲ ಕಡೆ ಬಂದವು. ಮೊದಮೊದಲಿನ ಚಿಲುಮೆಗಳಲ್ಲಿ ನೀರು ಈಗಿನಂತೆ ಓರೆಯಾಗಿ ಚಿಮ್ಮುತ್ತಿರಲಿಲ್ಲ, ನೆಟ್ಟಗೆ ಗುಳುಗುಳು ಅಂತ ಉಕ್ಕುತ್ತಿತ್ತು. ಗುಳ್ಳೆ ಏಳಿಸುವಂಥದ್ದು, ಅದಕ್ಕೇ ಬಬ್ಲರ್. ಬೇರೆ ಬೇರೆ ತಯಾರಕರು ಅದೇ ಮಾತು ಬಳಸಿದರು. ಹೆಚ್ಚಿನ ಊರುಗಳಲ್ಲಿ ಆಮೇಲೆ ಅದು ಸವೆದುಹೋಯಿತು, ಕೆಲವು ಕಡೆ ಉಳಿಯಿತು.

ನಿಮ್ಮ ಮಗಳಿಗೆ ಈ ಲೋಟದ ಕಥೆ ಹೇಳಿ. ಆಟಗಾರನ ಕಥೆಗಿಂತ ಇದೇ ಚೆನ್ನಾಗಿದೆ ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆ: ನ್ಯೂಯಾರ್ಕ್‌ಗೆ 'ಬಿಗ್ ಆ್ಯಪಲ್' ಅನ್ನುವುದು ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಬೀದಿಯಲ್ಲಿ ಸೇಬು ಮಾರುತ್ತಿದ್ದವರಿಂದ ಬಂತು ಅಂತ ಒಬ್ಬರು. ಈವ್ ಎಂಬ ಫ್ರೆಂಚ್ ಹೆಂಗಸು ನಡೆಸುತ್ತಿದ್ದ ವೇಶ್ಯೆಯರ ಮನೆಯಿಂದ ಬಂತು ಅಂತ ಇನ್ನೊಬ್ಬರು. ಯಾವುದು ಸರಿ?
(ಓದುಗರೊಬ್ಬರು, ಎಡಿಸನ್, ನ್ಯೂಜೆರ್ಸಿ)

ಉತ್ತರ: ಎರಡೂ ಸರಿಯಲ್ಲ. ಷೇರುಪೇಟೆ ಕುಸಿದದ್ದು 1929ರಲ್ಲಿ. ಪದ ಅದಕ್ಕಿಂತ ಮೊದಲೇ ಅಚ್ಚಾಗಿದೆ. ಸೇಬು ಮಾರುವವರ ಕಥೆ ಅಲ್ಲಿಗೆ ಮುಗಿಯಿತು. ಈವ್ ಕಥೆಗೆ ಆ ಕಾಲದ ಒಂದು ಚೀಟಿಯ ಆಧಾರವೂ ಇಲ್ಲ. ಅದು ಇತ್ತೀಚೆಗೆ ಕಟ್ಟಿದ್ದು.

ನಿಜ ಏನು ಅಂದರೆ, ಜಾನ್ ಫಿಟ್ಜ್‌ಜೆರಾಲ್ಡ್ ಎಂಬವರು ನ್ಯೂಯಾರ್ಕ್‌ನ 'ಮಾರ್ನಿಂಗ್ ಟೆಲಿಗ್ರಾಫ್' ಪತ್ರಿಕೆಯಲ್ಲಿ ಕುದುರೆ ರೇಸಿನ ಬಗ್ಗೆ ಬರೆಯುತ್ತಿದ್ದರು. 1921ರಲ್ಲಿ ಅವರ ಬರಹದಲ್ಲಿ ಈ ಹೆಸರು ಕಾಣಿಸುತ್ತದೆ. 1924ರಲ್ಲಿ ಅವರ ಅಂಕಣದ ಹೆಸರೇ 'ಅರೌಂಡ್ ದಿ ಬಿಗ್ ಆ್ಯಪಲ್' ಆಯಿತು. ಈ ಮಾತನ್ನು ತಾವು ಎಲ್ಲಿ ಕೇಳಿದ್ದು ಅಂತಲೂ ಅಲ್ಲೇ ಬರೆದರು. ನ್ಯೂ ಆರ್ಲಿಯನ್ಸ್‌ನ ರೇಸ್ ಲಾಯದಲ್ಲಿ ಇಬ್ಬರು ಕಪ್ಪು ಜನಾಂಗದ ಕೆಲಸಗಾರರು ಮಾತಾಡಿಕೊಳ್ಳುತ್ತಿದ್ದರಂತೆ. ಇಲ್ಲಿಂದ ಮುಂದೆ ಎಲ್ಲಿಗೆ ಅಂತ ಒಬ್ಬ ಕೇಳಿದ. ಬಿಗ್ ಆ್ಯಪಲ್‌ಗೆ ಅಂದ ಇನ್ನೊಬ್ಬ. ದೊಡ್ಡ ಬಹುಮಾನ ಇರುವ ನ್ಯೂಯಾರ್ಕ್ ರೇಸುಗಳೇ ಕುದುರೆಯವರ ಪಾಲಿಗೆ ದೊಡ್ಡ ಹಣ್ಣು. ಆಮೇಲೆ ಜಾಜ್ ಸಂಗೀತಗಾರರು ಆ ಹೆಸರನ್ನು ಎತ್ತಿಕೊಂಡರು. 1970ರ ದಶಕದಲ್ಲಿ ಪ್ರವಾಸೋದ್ಯಮದವರು ಅದನ್ನು ಜಗತ್ತಿಗೆ ಸಾರಿದರು.

ಇದನ್ನೆಲ್ಲ ಪತ್ತೆ ಮಾಡಿದ್ದು ಮುಖ್ಯವಾಗಿ ಇಬ್ಬರು. ಒಬ್ಬರು ಮಿಸೌರಿಯ ಪ್ರಾಧ್ಯಾಪಕ ಜೆರಾಲ್ಡ್ ಕೋಹೆನ್. ಇನ್ನೊಬ್ಬರು ಬ್ಯಾರಿ ಪೋಪಿಕ್. ಇವರು ನ್ಯೂಯಾರ್ಕ್‌ನಲ್ಲಿ ಪಾರ್ಕಿಂಗ್ ದಂಡದ ತಕರಾರು ವಿಚಾರಣೆ ಮಾಡುತ್ತಿದ್ದವರು. ಬಿಡುವಿನಲ್ಲಿ ಗ್ರಂಥಾಲಯದ ಮೈಕ್ರೋಫಿಲ್ಮ್ ಮುಂದೆ ಕೂತು ಹಳೇ ಪತ್ರಿಕೆ ಓದುತ್ತಿದ್ದರು. ಅವರ ಶ್ರಮದಿಂದ 1997ರಲ್ಲಿ ಬ್ರಾಡ್‌ವೇ ಮತ್ತು 54ನೇ ಬೀದಿ ಸೇರುವಲ್ಲಿ, ಫಿಟ್ಜ್‌ಜೆರಾಲ್ಡ್ ವಾಸವಿದ್ದ ಜಾಗದಲ್ಲಿ, 'ಬಿಗ್ ಆ್ಯಪಲ್ ಕಾರ್ನರ್' ಎಂಬ ಫಲಕ ಬಂತು.

ಎಡಿಸನ್‌ನಿಂದ ರೈಲಿನಲ್ಲಿ ಅಲ್ಲಿಗೆ ಹೋಗುವುದು ಕಷ್ಟವೇನಲ್ಲ. ಹೋದಾಗ ಆ ಲಾಯದ ಇಬ್ಬರನ್ನೂ ನೆನೆಯಿರಿ. ಫಿಟ್ಜ್‌ಜೆರಾಲ್ಡ್ ಅವರ ಮಾತು ಬರೆದರು, ಹೆಸರು ಬರೆಯಲಿಲ್ಲ. ಈವ್ ಕಥೆ ಹೇಳುವವರು ಆ ಇಬ್ಬರನ್ನು ಮತ್ತೊಂದು ಸಲ ಅಳಿಸುತ್ತಿದ್ದಾರೆ. ಅದಕ್ಕೇ ನನಗೆ ಆ ಕಥೆಯ ಮೇಲೆ ಸಿಟ್ಟು.

ಪ್ರಶ್ನೆ: 'ಕಾಪ್' ಅಂದರೆ 'ಕಾನ್‌ಸ್ಟೆಬಲ್ ಆನ್ ಪೆಟ್ರೋಲ್', 'ಟಿಪ್' ಅಂದರೆ 'ಟು ಇನ್ಶೂರ್ ಪ್ರಾಂಪ್ಟ್‌ನೆಸ್' ಅಂತ ವಾಟ್ಸಾಪ್‌ನಲ್ಲಿ ಬಂದಿದೆ.
(ಓದುಗರೊಬ್ಬರು, ದಾವಣಗೆರೆ)

ಉತ್ತರ: ನಂಬಬೇಡಿ. ಮೊದಲಕ್ಷರ ಜೋಡಿಸಿ ಪದ ಮಾಡುವ ಪದ್ಧತಿ ಇಂಗ್ಲಿಷ್‌ನಲ್ಲಿ ಬೆಳೆದದ್ದು 20ನೇ ಶತಮಾನದಲ್ಲಿ, ಎರಡು ಮಹಾಯುದ್ಧಗಳ ಕಾಲಕ್ಕೆ. ಅದಕ್ಕಿಂತ ಹಳೇ ಪದಕ್ಕೆ ಇಂಥ ವಿವರಣೆ ಬಂದರೆ ನೂರಕ್ಕೆ ತೊಂಬತ್ತೊಂಬತ್ತು ಪಾಲು ಸುಳ್ಳು. 'ಕಾಪ್' ಎಂಬುದು ಹಿಡಿ, ಸೆರೆಹಿಡಿ ಎಂಬ ಹಳೇ ಕ್ರಿಯಾಪದ. ಹಿಡಿಯುವವನು ಕಾಪರ್. ಅದು ಮೊಟಕಾಗಿ ಕಾಪ್.

ಆದರೆ ಇದಕ್ಕೆ ಒಂದು ದೊಡ್ಡ ಅಪವಾದ ಇದೆ. ನೀವು ನಾನು ದಿನಾ ಹೇಳುವ 'ಓಕೆ'. ಚೊಕ್ಟಾ ಬುಡಕಟ್ಟಿನ 'ಓಕೆ' ಎಂಬ ಮಾತು, ಗ್ರೀಕರ 'ಓಲಾ ಕಲಾ', ಪಶ್ಚಿಮ ಆಫ್ರಿಕಾದ ಭಾಷೆಗಳು ಅಂತ ಇದಕ್ಕೆ ಹತ್ತಾರು ಹುಟ್ಟೂರು ಹೇಳಿದ್ದಾರೆ. ಅಧ್ಯಕ್ಷ ವುಡ್ರೋ ವಿಲ್ಸನ್ ಚೊಕ್ಟಾ ಕಥೆ ನಂಬಿ ಕಡತಗಳ ಮೇಲೆ ಆ ಕಾಗುಣಿತದಲ್ಲೇ ಬರೆಯುತ್ತಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಅಲನ್ ವಾಕರ್ ರೀಡ್ ಎಂಬ ವಿದ್ವಾಂಸರು ಹಳೇ ಪತ್ರಿಕೆಗಳನ್ನು ಪುಟ ಪುಟ ತಿರುವಿ, 1963 ಮತ್ತು 1964ರಲ್ಲಿ ಬರೆದ ಲೇಖನಗಳಲ್ಲಿ ಪ್ರಶ್ನೆ ಬಗೆಹರಿಸಿದರು. 1839ರ ಮಾರ್ಚ್ 23ರ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್'ನಲ್ಲಿ ಅದು ಬಂದಿದೆ, ಪಕ್ಕದಲ್ಲೇ 'ಆಲ್ ಕರೆಕ್ಟ್' ಎಂಬ ಅರ್ಥವೂ ಇದೆ. ಆ ಕಾಲದ ಬಾಸ್ಟನ್ ಪತ್ರಕರ್ತರಿಗೆ ಬೇಕಂತಲೇ ಕಾಗುಣಿತ ತಪ್ಪಿಸಿ ಮೊದಲಕ್ಷರ ಬರೆಯುವ ಹುಚ್ಚು. 'ಆಲ್ ಕರೆಕ್ಟ್' ಎಂಬುದನ್ನು 'ಓಲ್ ಕರೆಕ್ಟ್' ಮಾಡಿ, ಸಿ ಬದಲು ಕೆ ಹಾಕಿ ಓಕೆ ಅಂದರು. 'ಆಲ್ ರೈಟ್' ಎಂಬುದನ್ನು 'ಓಲ್ ರೈಟ್' ಮಾಡಿ, ಆರ್ ಹಿಂದೆ ಡಬ್ಲ್ಯೂ ಸೇರಿಸಿ ಓ.ಡಬ್ಲ್ಯೂ. ಅಂತಲೂ ಬರೆದರು. ಅವೆಲ್ಲ ಸತ್ತವು. ಓಕೆ ಉಳಿದದ್ದಕ್ಕೆ 1840ರ ಚುನಾವಣೆ ಕಾರಣ. ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. 'ಓಲ್ಡ್ ಕಿಂಡರ್‌ಹುಕ್' ಅಂತ ಅವರನ್ನು ಕರೆದು, ಬೆಂಬಲಿಗರು ಓಕೆ ಕ್ಲಬ್ ಕಟ್ಟಿದರು. ಅವರು ಚುನಾವಣೆ ಸೋತರು, ಪದ ಊರೂರಿಗೆ ಹೋಯಿತು.

ಪ್ರಶ್ನೆ: ಸುಮ್ನೆ ಒಂದು ಅನುಮಾನ. ಕಥೆ ಚೆನ್ನಾಗಿದ್ದರೆ ಸಾಕಲ್ವಾ? ಇಷ್ಟು ಕೆದಕಿ ಏನು ಸಿಗುತ್ತದೆ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ನಿಮ್ಮ ಊರಿನಿಂದಲೇ ಶುರು ಮಾಡುತ್ತೇನೆ. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದಕಾಳು ಕೊಟ್ಟಳು, ಅದೇ ಬೆಂಗಳೂರಾಯಿತು ಅಂತ ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ದೇವಸ್ಥಾನದ ಆವರಣದಲ್ಲಿರುವ ಸುಮಾರು 890ರ ಶಾಸನದಲ್ಲೇ 'ಬೆಂಗಳೂರ ಕಾಳಗ' ಅಂತ ಕೆತ್ತಿದ್ದಾರೆ. ಆ ಕಾಳಗದಲ್ಲಿ ಸತ್ತವನ ನೆನಪಿಗೆ ಹಾಕಿಸಿದ ಕಲ್ಲು ಅದು. ಬೆಂದಕಾಳಿನ ಕಥೆಯಲ್ಲೇ ನಿಂತರೆ ಆ ಸತ್ತವನನ್ನು ಯಾರು ನೋಡುತ್ತಾರೆ?

ಅಮೆರಿಕದಲ್ಲಿ ಇದು ಇನ್ನೂ ನೋವಿನ ವಿಷಯ. ದಕ್ಷಿಣ ಕೆರೊಲಿನಾ, ಜಾರ್ಜಿಯಾ ರಾಜ್ಯಗಳ ಕರಾವಳಿ ದ್ವೀಪಗಳಲ್ಲಿ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ಗಲ್ಲಾ ಎಂಬ ನುಡಿ ಆಡುತ್ತಾರೆ. 1930ರ ದಶಕದವರೆಗೂ ಬಹಳಷ್ಟು ಪಂಡಿತರು ಅದನ್ನು ಕೆಟ್ಟ ಇಂಗ್ಲಿಷ್ ಅಂದರು. ವಿಚಿತ್ರ ಅನ್ನಿಸಿದ ಪದಗಳನ್ನೆಲ್ಲ ಬ್ರಿಟನ್ನಿನ ಯಾವುದೋ ಹಳ್ಳಿಯ ಮಾತು ಕೆಟ್ಟು ಹೀಗಾಗಿದೆ ಅಂತ ವಿವರಿಸಿಬಿಟ್ಟರು. ಆ ಪಂಡಿತರಿಗೆ ಆಫ್ರಿಕಾದ ಒಂದು ಭಾಷೆಯೂ ಬರುತ್ತಿರಲಿಲ್ಲ. ಲೊರೆಂಜೊ ಡೌ ಟರ್ನರ್ ಎಂಬ ಕಪ್ಪು ವಿದ್ವಾಂಸರು 1932ರಲ್ಲಿ ಧ್ವನಿಮುದ್ರಣದ ಯಂತ್ರ ಹೊತ್ತುಕೊಂಡು ಆ ದ್ವೀಪಗಳಿಗೆ ಹೋದರು. ಆಮೇಲೆ ಲಂಡನ್ನಿಗೆ ಹೋಗಿ ಆಫ್ರಿಕಾದ ಭಾಷೆಗಳನ್ನು ಕಲಿತರು. 1949ರಲ್ಲಿ ಅವರ ಪುಸ್ತಕ ಬಂತು. ಅದರಲ್ಲಿ ಆಫ್ರಿಕಾದ ಮೂಲದ ಸಾವಿರಾರು ಪದಗಳಿವೆ. ಹೆಚ್ಚಿನವು ಮನೆಯೊಳಗೆ ಮಾತ್ರ ಕರೆಯುವ ಹೆಸರುಗಳು. ಹೊರಗಿನ ಪಂಡಿತರಿಗೆ ಆ ಮನೆಯವರು ಅವನ್ನು ಹೇಳಿಯೇ ಇರಲಿಲ್ಲ.

ದಕ್ಷಿಣದವರು ಕಡಲೆಕಾಯಿಗೆ 'ಗೂಬರ್' ಅನ್ನುತ್ತಾರೆ. ಅದು ಕಾಂಗೋ ಕಡೆಯ 'ನ್‌ಗುಬಾ'. ಲೂಸಿಯಾನಾದ 'ಗಂಬೊ' ಸಾರಿನ ಹೆಸರಿನ ಮೂಲ, ಅದೇ ಸೀಮೆಯ ಬಂಟು ಭಾಷೆಗಳಲ್ಲಿ ಬೆಂಡೆಕಾಯಿಗೆ ಇರುವ ಮಾತು. ಸರಪಳಿಯಲ್ಲಿ ಬಂದ ಜನ ತಮ್ಮ ಅಡುಗೆಯ ಮಾತನ್ನು ಬಿಟ್ಟುಕೊಡಲಿಲ್ಲ. ಕೆದಕಿದರೆ ಸಿಗುವುದು ಇಂಥ ಜನ. ಯಾರೋ ಕಟ್ಟಿದ ಚಂದದ ಕಥೆಗಾಗಿ ಇವರನ್ನು ಬಿಡಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ನ್ಯೂ ಆರ್ಲಿಯನ್ಸ್‌ನಲ್ಲಿ ಅಂಗಡಿಯವರು ಕೊಸರು ಕೊಟ್ಟರೆ ಅದಕ್ಕೆ 'ಲ್ಯಾನ್ಯಾಪ್' ಅಂತಾರೆ. ಪೆರುವಿನ ಇಂಕಾ ಜನರ ಮಾತಂತೆ. ಇದೂ ಕಟ್ಟುಕಥೆಯೇ ಇರಬೇಕು, ಅಲ್ವಾ?
(ಓದುಗರೊಬ್ಬರು, ಹ್ಯೂಸ್ಟನ್)

ಉತ್ತರ: ಇಲ್ಲ, ಇದು ನಿಜ! ದೂರದಿಂದ ಬಂತು ಅನ್ನುವ ಕಾರಣಕ್ಕೇ ಸುಳ್ಳು ಅನ್ನಬಾರದು. ನಡುವಿನ ಮೆಟ್ಟಿಲುಗಳು ಇವೆಯಾ ಅಂತ ನೋಡಬೇಕು. ಇಲ್ಲಿ ಎಲ್ಲವೂ ಇವೆ. ಆಂಡಿಸ್ ಬೆಟ್ಟಗಳ ಕೆಚುವಾ ಭಾಷೆಯಲ್ಲಿ 'ಯಾಪಾ' ಅಂದರೆ ಮೇಲಿಷ್ಟು ಹಾಕಿದ್ದು. ಅಲ್ಲಿನ ಸಂತೆಗಳಲ್ಲಿ ಇಂದಿಗೂ ಗಿರಾಕಿಗಳು ಯಾಪಾ ಕೇಳುತ್ತಾರೆ. ಅಲ್ಲಿಂದ ಅಮೆರಿಕ ಖಂಡದ ಸ್ಪ್ಯಾನಿಷ್‌ಗೆ ಬಂದು 'ಲಾ ನ್ಯಾಪಾ' ಆಯಿತು. 1760ರ ದಶಕದಿಂದ ಆ ಶತಮಾನದ ಕೊನೆಯವರೆಗೆ ಲೂಸಿಯಾನಾ ಸ್ಪೇನಿನ ಕೈಯಲ್ಲಿತ್ತು. ಊರಿನ ಜನ ಫ್ರೆಂಚ್ ಮಾತಾಡುವವರು. ಅವರು ಅದನ್ನು ಫ್ರೆಂಚ್ ಕಾಗುಣಿತದಲ್ಲಿ ಬರೆದರು. ಮಾರ್ಕ್ ಟ್ವೇನ್ ಮಿಸಿಸಿಪ್ಪಿ ನದಿಯ ಬಗ್ಗೆ 1883ರಲ್ಲಿ ತಂದ ಪುಸ್ತಕದಲ್ಲಿ ಈ ಪದವನ್ನು ಬಾಯ್ತುಂಬ ಹೊಗಳಿದ್ದಾರೆ. ನಿಮಗೆ ತಕ್ಷಣ ಕೊಸರು ನೆನಪಾದದ್ದು ಸರಿಯಾಗಿಯೇ ಇದೆ, ಪದ್ಧತಿ ಒಂದೇ.

ಪ್ರಶ್ನೆ: ಇಂಡಿಯಾನಾದವರಿಗೆ 'ಹೂಸಿಯರ್' ಅಂತ ಹೆಸರು ಯಾಕೆ?
(ಓದುಗರೊಬ್ಬರು, ಇಂಡಿಯಾನಾಪೊಲಿಸ್)

ಉತ್ತರ: ಇದು ಇನ್ನೂ ತೀರ್ಮಾನವಾಗದ ಪದ. ಬಾಗಿಲು ಬಡಿದರೆ 'ಹೂಸ್ ಹಿಯರ್' ಅಂತ ಕೂಗುತ್ತಿದ್ದರು, ಲೂಯಿವಿಲ್ ಕಾಲುವೆ ಕಟ್ಟಿದ ಗುತ್ತಿಗೆದಾರನ ಹೆಸರೇ ಹೂಸಿಯರ್, ಜೋಳಕ್ಕೆ ಮೂಲನಿವಾಸಿಗಳು ಹಾಗನ್ನುತ್ತಿದ್ದರು, ಹೀಗೆ ಕಥೆಗಳು ಬಹಳ. ಜೇಕಬ್ ಪಯಟ್ ಡನ್ ಎಂಬ ಇತಿಹಾಸಕಾರರು 1907ರಲ್ಲಿ ಇದರ ಮೇಲೇ ಒಂದು ಅಧ್ಯಯನ ಬರೆದು ಇವನ್ನೆಲ್ಲ ಒರೆಗೆ ಹಚ್ಚಿದರು. ಇಂಗ್ಲೆಂಡಿನ ಕಂಬರ್‌ಲೆಂಡ್ ಸೀಮೆಯ 'ಹೂಜರ್' ಎಂಬ ಮಾತಿನಿಂದ ಬಂದಿರಬಹುದು ಅಂದರು. ಗಟ್ಟಿಯಾಗಿ ಗೊತ್ತಿರುವುದು ಇಷ್ಟು. 1833ರಲ್ಲಿ ಜಾನ್ ಫಿನ್ಲಿ ಬರೆದ 'ದಿ ಹೂಸಿಯರ್ಸ್ ನೆಸ್ಟ್' ಎಂಬ ಪದ್ಯ ಇಂಡಿಯಾನಾಪೊಲಿಸ್ ಪತ್ರಿಕೆಯಲ್ಲಿ ಬಂದು ಹೆಸರನ್ನು ಜನಪ್ರಿಯ ಮಾಡಿತು. ಮೊದಲು ಅದು ಒರಟು ಹಳ್ಳಿಗನಿಗೆ ಹೇಳುವ ಬೈಗುಳ. ಇಂಡಿಯಾನಾದವರು ಅದನ್ನೇ ಹೆಮ್ಮೆಯ ಹೆಸರು ಮಾಡಿಕೊಂಡರು. 2017ರಿಂದ ಕೇಂದ್ರ ಸರ್ಕಾರದ ಮುದ್ರಣ ಕಚೇರಿಯೂ ಆ ರಾಜ್ಯದವರನ್ನು ಹೂಸಿಯರ್ ಎಂದೇ ಬರೆಯುತ್ತದೆ.

ಪ್ರಶ್ನೆ: ನಾನು ವೆಸ್ಟ್ ವರ್ಜೀನಿಯಾದಲ್ಲಿ ವೈದ್ಯ. ಇಲ್ಲಿನ ಗಣಿ ಕಾರ್ಮಿಕರು 1921ರಲ್ಲಿ ಕೊರಳಿಗೆ ಕೆಂಪು ವಸ್ತ್ರ ಕಟ್ಟಿಕೊಂಡು ಹೋರಾಡಿದರು, 'ರೆಡ್‌ನೆಕ್' ಪದ ಅಲ್ಲಿಂದಲೇ ಬಂತು ಅಂತ ನನ್ನ ರೋಗಿಗಳು ಹೇಳುತ್ತಾರೆ.
(ಓದುಗರೊಬ್ಬರು, ಚಾರ್ಲ್‌ಸ್ಟನ್)

ಉತ್ತರ: ನಿಮ್ಮ ರೋಗಿಗಳು ಹೇಳುವ ಹೋರಾಟ ಅಕ್ಷರಶಃ ನಿಜ. ಬ್ಲೇರ್ ಮೌಂಟೇನ್ ಅದರ ಹೆಸರು. ಸುಮಾರು 10,000 ಕಲ್ಲಿದ್ದಲು ಕಾರ್ಮಿಕರು ಸಂಘ ಕಟ್ಟುವ ಹಕ್ಕಿಗಾಗಿ ಬಂದೂಕು ಹಿಡಿದರು. ಕೆಂಪು ವಸ್ತ್ರ ಅವರ ಗುರುತು. ಅವರನ್ನು ರೆಡ್‌ನೆಕ್ ಅಂತ ಕರೆದದ್ದೂ ನಿಜ. ಆದರೆ ಪದ ಹುಟ್ಟಿದ್ದು ಅಲ್ಲಲ್ಲ. ಆನ್ ರಾಯಲ್ ಎಂಬ ಪ್ರವಾಸಿ ಬರಹಗಾರ್ತಿ 1830ರಲ್ಲೇ ಉತ್ತರ ಕೆರೊಲಿನಾದ ಫೇಟ್‌ವಿಲ್‌ನ ಪ್ರೆಸ್ಬಿಟೇರಿಯನ್ ಎಂಬ ಕ್ರೈಸ್ತ ಪಂಗಡದವರಿಗೆ ಈ ಅಡ್ಡಹೆಸರಿದೆ ಅಂತ ಬರೆದಿದ್ದಾರೆ. ಮಿಸಿಸಿಪ್ಪಿಯ ಮಾತಿನ ಬಗ್ಗೆ 1893ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಹೊಲದಲ್ಲಿ ಬಿಸಿಲಿಗೆ ಕುತ್ತಿಗೆ ಸುಟ್ಟುಕೊಳ್ಳುವ ಬಡ ರೈತರಿಗೆ ಈ ಹೆಸರು ಅಂತ ಇದೆ.

ಅವರ ಮುಂದೆ 'ನೀವು ಹೇಳಿದ್ದು ಸುಳ್ಳು' ಅನ್ನಬೇಡಿ. ಮೊದಲೇ ಇದ್ದ ಬೈಗುಳವೊಂದಕ್ಕೆ ಅವರ ಅಜ್ಜಂದಿರು ಬೇರೆ ಅರ್ಥ ಕೊಟ್ಟರು ಅನ್ನಿ. ಅದು ಸತ್ಯವೂ ಹೌದು, ಅವರಿಗೆ ಗೌರವವೂ ಹೌದು. ಇನ್ನೊಂದು ಮಾತು. ಈಗಲೂ ಅದು ಹೀಗಳೆಯುವ ಪದವೇ. ಅವರು ತಮ್ಮನ್ನು ಹಾಗೆ ಕರೆದುಕೊಳ್ಳಬಹುದು, ಹೊರಗಿನವರು ನಾವು ಕರೆಯಬಾರದು.

ಪ್ರಶ್ನೆ: ನಮ್ಮಷ್ಟಕ್ಕೆ ನಾವೇ ಮನೆಯಲ್ಲಿ ಕೂತು ಇದನ್ನೆಲ್ಲ ಪರೀಕ್ಷಿಸಬಹುದಾ?
(ಕಾಲೇಜು ವಿದ್ಯಾರ್ಥಿನಿಯೊಬ್ಬರು, ಧಾರವಾಡ)

ಉತ್ತರ: ಖಂಡಿತ ಮಾಡಬಹುದಮ್ಮ. ಮೊದಲು ಕಥೆಯಲ್ಲಿರುವ ಇಸವಿ ಬರೆದುಕೊಳ್ಳಿ. ಆಮೇಲೆ ಅದಕ್ಕಿಂತ ಹಿಂದೆ ಆ ಪದ ಎಲ್ಲಾದರೂ ಅಚ್ಚಾಗಿದೆಯಾ ಅಂತ ಹುಡುಕಿ. ಒಂದು ಸಿಕ್ಕರೂ ಸಾಕು, ಕಥೆ ಬಿತ್ತು. ಬಾಸ್ಟನ್‌ನಲ್ಲಿ ಐಸ್‌ಕ್ರೀಮ್ ಮೇಲೆ ಉದುರಿಸುವ ಚಾಕೊಲೇಟ್ ಕಡ್ಡಿಗಳಿಗೆ 'ಜಿಮ್ಮೀಸ್' ಅಂತಾರೆ. ಅಲ್ಲಿನ ಮಕ್ಕಳ ಕ್ಯಾನ್ಸರ್ ನಿಧಿಯಾದ ಜಿಮ್ಮಿ ಫಂಡ್‌ನಿಂದ ಆ ಹೆಸರು ಅನ್ನುವವರಿದ್ದಾರೆ. ನಿಧಿ ಶುರುವಾದದ್ದು 1948ರಲ್ಲಿ, ಪದ 1930ರ ದಶಕದಲ್ಲೇ ಅಚ್ಚಾಗಿದೆ.

ಅಮೆರಿಕ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ 'ಕ್ರಾನಿಕ್ಲಿಂಗ್ ಅಮೆರಿಕ' ಎಂಬ ಪತ್ರಿಕಾ ಸಂಗ್ರಹ ಉಚಿತ. ಜಾನಥನ್ ಗ್ರೀನ್ ಅವರ ಸ್ಲ್ಯಾಂಗ್ ನಿಘಂಟು ಕೂಡ ಅಂತರ್ಜಾಲದಲ್ಲಿದೆ. ಆದರೆ ಯಂತ್ರ ಓದಿದ್ದನ್ನು ನಂಬಬೇಡಿ. ಹಳೇ ಅಚ್ಚಿನಲ್ಲಿ ಅದು ಒಂದು ಅಕ್ಷರವನ್ನು ಇನ್ನೊಂದಾಗಿ ಓದುತ್ತದೆ. ಪುಟದ ಚಿತ್ರವನ್ನೇ ತೆರೆದು ಕಣ್ಣಾರೆ ನೋಡಿ. ಗೂಗಲ್ ಬುಕ್ಸ್‌ನಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಒಂದು ನಿಯತಕಾಲಿಕೆ ಶುರುವಾದ ಇಸವಿಯನ್ನೇ ಅದರ ಎಲ್ಲ ಸಂಪುಟಗಳಿಗೂ ಹಾಕಿರುವುದುಂಟು. ಅಚ್ಚಾಗುವ ಮೊದಲು ಪದ ಬಾಯಲ್ಲಿ ಓಡಾಡಿರುತ್ತದೆ, ಅದೂ ನೆನಪಿರಲಿ. ಮೊದಲು ಅಚ್ಚಾದ ದಿನವೇ ಹುಟ್ಟಿದ ದಿನವಲ್ಲ.

ಬಾಯಿಮಾತಿಗಾಗಿಯೇ ಮಾಡಿದ ದೊಡ್ಡ ಕೆಲಸ ಅಂದರೆ ನಮ್ಮ ಮ್ಯಾಡಿಸನ್‌ನ ಅಮೆರಿಕನ್ ಪ್ರಾದೇಶಿಕ ಇಂಗ್ಲಿಷ್ ನಿಘಂಟು. ಜಮೈಕಾದಲ್ಲಿ ಹುಟ್ಟಿದ ಫ್ರೆಡರಿಕ್ ಕ್ಯಾಸಿಡಿ ಅದರ ಸಂಪಾದಕರು. 1965ರಿಂದ 1970ರವರೆಗೆ ಅವರು ಕಳಿಸಿದ ಯುವಕ ಯುವತಿಯರು 'ವರ್ಡ್ ವ್ಯಾಗನ್' ಎಂಬ ವ್ಯಾನುಗಳಲ್ಲಿ 1,002 ಊರುಗಳಿಗೆ ಹೋದರು. 2,777 ಜನರ ಜೊತೆ ಕೂತು, ಒಂದೂವರೆ ಸಾವಿರಕ್ಕೂ ಜಾಸ್ತಿ ಪ್ರಶ್ನೆ ಕೇಳಿದರು. ಕೋಳಿ ಕರೆಯುವುದು ಹೇಗೆ, ಜೋರು ಮಳೆಗೆ ಏನಂತೀರಿ, ಇಂಥವು. ಮೊದಲ ಸಂಪುಟ 1985ರಲ್ಲಿ ಬಂತು, ಝಡ್ ಅಕ್ಷರ ಮುಟ್ಟಿದ್ದು 2012ರಲ್ಲಿ. ಕ್ಯಾಸಿಡಿ 2000ದಲ್ಲೇ ತೀರಿಕೊಂಡಿದ್ದರು. ಜೋನ್ ಹ್ಯೂಸ್ಟನ್ ಹಾಲ್ ಅದನ್ನು ದಡ ಸೇರಿಸಿದರು. ಅವರು ಕೆಲಸ ಮಾಡಿದ ರೀತಿ ನಿಮಗೂ ಉಪಯೋಗಕ್ಕೆ ಬರುತ್ತದೆ. ಪ್ರತಿ ಪದದ ಪಕ್ಕ ಯಾವ ಊರು, ಹೇಳಿದವರ ವಯಸ್ಸೆಷ್ಟು, ಎಷ್ಟು ಓದಿದವರು ಅಂತ ಬರೆದಿಟ್ಟರು. ಅದರಿಂದಲೇ ಬಬ್ಲರ್ ಎಲ್ಲೆಲ್ಲಿ ಇದೆ ಅಂತ ನಕ್ಷೆಯಲ್ಲಿ ತೋರಿಸಲು ಆಯಿತು.

ಮುಂದಿನ ತಿಂಗಳಿಗೆ ಪತ್ರ ಬರೆಯುವವರು ಪದವನ್ನು ಎಲ್ಲಿ ಕೇಳಿದಿರಿ, ಹೇಳಿದವರಿಗೆ ಸುಮಾರು ಎಷ್ಟು ವಯಸ್ಸು, ಅವರು ಆ ಊರಿನವರೇನಾ ಅಂತ ಒಂದೆರಡು ಸಾಲು ಸೇರಿಸಿ. ಅಚ್ಚಾದ ಪುಟ ಸಿಕ್ಕಿದ್ದರೆ ಪತ್ರಿಕೆಯ ಹೆಸರು, ತಾರೀಖು ಕಾಣುವ ಹಾಗೆ ಫೋಟೊ ತೆಗೆದು ಕಳಿಸಿ.